ಟೈಲರಕ್ಕನ ಹತ್ತು ದಿನದ ವಿಶ್ರಾಂತಿ

ಹೊಲಿಗೆ ಯಂತ್ರ ಮುಟ್ಟಿ ಒಂಬತ್ತು ವರ್ಷವಾಗಿದ್ದರೂ ಬೀದಿಯವರ ಪಾಲಿಗೆ ಆಕೆ ಟೈಲರಕ್ಕನೇ. ಅತ್ತೆಗೆ ಲಕ್ವ ಹೊಡೆದು ಮೈಯ ಬಲಭಾಗ ಬಿದ್ದುಹೋದ ದಿನ ಅರ್ಧ ಹೊಲಿದ ಅಂಗಿಯನ್ನು ಮಡಚಿಟ್ಟು ಎದ್ದವಳು ಮತ್ತೆ ಕೂರಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದಿದ್ದರು ಡಾಕ್ಟರು. ಒಂಬತ್ತು ವರ್ಷದಲ್ಲಿ ಮುದುಕಿಯ ಮೈಮೇಲೆ ಒಂದು ಹುಣ್ಣೂ ಏಳಲಿಲ್ಲ.

ಮುದುಕಿ ತೀರಿಕೊಂಡ ಮೇಲೆ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ, "ಇನ್ನಾದ್ರೂ ಸ್ವಲ್ಪ ಮಲ್ಕೋ" ಎಂದ. ಮಲಗಲು ಬರುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಕಾಲು ತಾನಾಗಿ ಆಕೆಯನ್ನು ಖಾಲಿ ಮಂಚದ ಹತ್ತಿರ ಒಯ್ದು ನಿಲ್ಲಿಸುತ್ತಿತ್ತು. ಊಟ ಸೇರುತ್ತಿರಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಆಕೆ ಒಣಗಿ ಕಡ್ಡಿಯಾಗಿದ್ದಳು.

ಆಗ ಬಂದವಳು ನಾದಿನಿ. ತಾಯಿ ಹಾಸಿಗೆ ಹಿಡಿದಿದ್ದಷ್ಟು ವರ್ಷವೂ ನೆಂಟರ ಹಾಗೆ ಬಂದು, ಹಣ್ಣಿನ ಚೀಲ ಇಟ್ಟು, ಕಣ್ಣೊರೆಸಿಕೊಂಡು ಹೋಗುತ್ತಿದ್ದವಳು.

"ಅತ್ತಿಗೆ, ನಿಮ್ಮ ಮುಖ ನೋಡೋಕಾಗ್ತಿಲ್ಲ. ಕೆರೆ ದಂಡೆ ಮೇಲೆ ಒಂದು ಆರೋಗ್ಯಧಾಮ ಇದೆ. ಹತ್ತು ದಿನ ಇದ್ದು ಬನ್ನಿ. ನಾನೇ ಬುಕ್ ಮಾಡಿದ್ದೀನಿ."

ಟೈಲರಕ್ಕನಿಗೆ ಬೇಡವೆನ್ನಲು ಬೇಕಾದ ತ್ರಾಣವೂ ಇರಲಿಲ್ಲ.

ಅಲ್ಲಿ ಬಿಳಿ ಗೋಡೆಯ ಒಂದು ಕೋಣೆ, ಒಂದೇ ಮಂಚ. ಮೆಲ್ಲಗೆ ಮಾತಾಡಿ ಎಂಬ ಫಲಕ ಕಂಬಕ್ಕೊಂದರಂತೆ. ಬೆಳಿಗ್ಗೆ ಗಂಟೆ ಹೊಡೆದರೆ ಬಿಸಿನೀರು, ಗಂಜಿ, ಆಮೇಲೆ ಧ್ಯಾನ. ಕಣ್ಣು ಮುಚ್ಚಿ ಉಸಿರನ್ನು ಗಮನಿಸಿ ಎಂದರು ಗುರುಗಳು. ಎರಡೇ ನಿಮಿಷದಲ್ಲಿ ಆಕೆಯ ಗೊರಕೆ ಹಾಲ್ ತುಂಬಿತು. ಮರುದಿನವೂ ಅದೇ ಕಥೆ. ಮೂರನೆಯ ದಿನ ಗುರುಗಳು ಹತ್ತಿರ ಬಂದು ಕೂತರು.

"ತಾಯೀ, ಇದು ನಿದ್ದೆ ಅಲ್ಲ, ಧ್ಯಾನ."

"ಗೊತ್ತು ಸಾರ್. ನೀವು ಮುಚ್ಚಿ ಅಂದ್ರಿ, ಅದು ಮುಚ್ಕೊಂಡೇಬಿಡ್ತು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗುರುಗಳಿಗೂ ನಗು ತಡೆಯಲಾಗಲಿಲ್ಲ. ಅಂದಿನಿಂದ ಮೂಲೆಯಲ್ಲೊಂದು ಚಾಪೆ, ಹೊದಿಕೆ ಹಾಕಿಸಿಕೊಟ್ಟರು. ಕೋಣೆಯಲ್ಲಿ ಬಾರದ ನಿದ್ದೆ ಅಷ್ಟು ಜನರ ನಡುವೆ ಹೇಗೆ ಬರುತ್ತಿತ್ತೋ. ಬೇರೆ ಯಾರೋ ಎಚ್ಚರವಾಗಿದ್ದಾರಲ್ಲ ಎಂಬ ಧೈರ್ಯವಿರಬೇಕು.

ನಾಲ್ಕನೆಯ ದಿನ ಮಸಾಜು. ಮಸಾಜಿನ ಹೆಂಗಸು ಗಟ್ಟಿಮುಟ್ಟಾದ ನಡುವಯಸ್ಸಿನವಳು. ಬೆನ್ನಿಗೆ ಎಣ್ಣೆ ತಿಕ್ಕಿ, ಒಂದು ಕೈ ಭುಜದ ಕೆಳಗೆ, ಇನ್ನೊಂದು ಸೊಂಟಕ್ಕೆ ಕೊಟ್ಟು ಆಕೆಯನ್ನು ಮಗ್ಗುಲಿಗೆ ಹೊರಳಿಸಿದಳು. ಟೈಲರಕ್ಕ ಬಿಕ್ಕಿ ಬಿಕ್ಕಿ ಅತ್ತಳು.

"ನೋವಾಯ್ತಾ ಅಕ್ಕಾ?"

"ಇಲ್ಲ. ನಾನೂ ಹೀಗೇ ಹೊರಳಿಸ್ತಿದ್ದೆ, ನಮ್ಮತ್ತೇನ."

ಆಮೇಲೆ ಗಂಡನಿಗೂ ಹೇಳದಿದ್ದುದನ್ನು ಹೇಳಿದಳು. ಒಂದು ಮಧ್ಯಾಹ್ನ ಮೂರನೆಯ ಸಲ ಹಾಸಿಗೆ ಒದ್ದೆಯಾದಾಗ, "ಯಾವಾಗ ಹೋಗ್ತೀರಿ ನೀವು?" ಎಂದು ಕಿರುಚಿಬಿಟ್ಟಿದ್ದಳು. ಮಾತು ನಿಂತುಹೋಗಿದ್ದ ಮುದುಕಿ ನೆಟ್ಟಗಿದ್ದ ಎಡಗೈಯಿಂದ ಸೊಸೆಯ ತೋಳು ಸವರಿದ್ದಳು.

ಮಸಾಜಿನ ಹೆಂಗಸು ಆಕೆಯ ಕೆನ್ನೆಯನ್ನು ಟವೆಲಿನಿಂದ ಒರೆಸಿ, "ಕಾಲು ಚಾಚಿ" ಎಂದಳು.

ಎಂಟನೆಯ ದಿನ ನಾದಿನಿ ಬಂದಳು. "ಮುಖಕ್ಕೆ ಕಳೆ ಬಂದಿದೆ ಅತ್ತಿಗೆ" ಎಂದು ಶುರುಮಾಡಿ, ಅದೂ ಇದೂ ಮಾತಾಡಿ, ಕೊನೆಗೆ ಸುತ್ತಿ ಬಳಸಿ ವಿಷಯಕ್ಕೆ ಬಂದಳು. "ನಮ್ಮ ಮಾವನಿಗೂ ಲಕ್ವ ಹೊಡೀತು. ಸೋಮವಾರ ಆಸ್ಪತ್ರೆಯಿಂದ ಮನೆಗೆ ಕಳಿಸ್ತಾರಂತೆ. ನಿಮ್ಮಷ್ಟು ಚೆನ್ನಾಗಿ ಯಾರು ನೋಡ್ಕೋತಾರೆ? ಒಂದಾರು ತಿಂಗಳು ಬಂದು..."

"ಯಾವತ್ತು ಆಗಿದ್ದು?"

"ಹದಿನೈದು ದಿನ ಆಯ್ತು."

"ನೀನು ಇಲ್ಲಿಗೆ ಬುಕ್ ಮಾಡೋಕಿಂತ ಮುಂಚೆ."

ನಾದಿನಿ ತಲೆ ತಗ್ಗಿಸಿದಳು. ಟೈಲರಕ್ಕನಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಮೈಯಲ್ಲಿ ಕಸುವು ಬೇಕಲ್ಲ.

"ನನ್ನ ಕೈಲಾಗಲ್ಲ ಕಣೆ" ಎಂದಳು. ಮದುವೆಯಾಗಿ ಬಂದ ಮೇಲೆ ಆ ಮನೆಯವರಿಗೆ ಆಕೆ ಇಲ್ಲವೆಂದದ್ದು ಅದೇ ಮೊದಲು.

"ನನಗೇನು ಗೊತ್ತು ಅತ್ತಿಗೆ ಇದೆಲ್ಲ? ಅಷ್ಟು ದೊಡ್ಡ ಆಳನ್ನ ನಾನು ಹೇಗೆ ಎತ್ಲಿ?" ನಾದಿನಿ ಅಳತೊಡಗಿದಳು. ನಾಟಕವಲ್ಲ, ನಿಜವಾಗಿಯೂ ಹೆದರಿದ್ದಳು.

ಟೈಲರಕ್ಕ ಆಕೆಯನ್ನು ಕೋಣೆಗೆ ಕರೆದೊಯ್ದು ಮಂಚದ ಮೇಲೆ ಉದ್ದಕ್ಕೆ ಮಲಗಿದಳು. "ಬಾ. ನನ್ನನ್ನ ಹೊರಳಿಸು. ಬೆನ್ನು ಬಗ್ಗಿಸ್ಬೇಡ, ಮಂಡಿ ಬಗ್ಗಿಸು. ಭುಜದ ಕೆಳಗೆ ಒಂದು ಕೈ. ಹಾಗಲ್ಲ, ನನ್ನ ಬೀಳಿಸ್ತೀಯಾ! ಇನ್ನೊಂದ್ಸಲ."

ಐದನೆಯ ಸಲಕ್ಕೆ ಸರಿಯಾಯಿತು. ನಾದಿನಿ ಏದುಸಿರು ಬಿಡುತ್ತಾ ಗೋಡೆಗೆ ಒರಗಿದಳು.

"ಪ್ರತಿ ಭಾನುವಾರ ಬೆಳಿಗ್ಗೆ ಬರ್ತೀನಿ. ಮಧ್ಯಾಹ್ನದ ಬಸ್ಸಿಗೆ ವಾಪಸ್. ಅಷ್ಟೇ."

ಮಾತಿನಂತೆ ಭಾನುವಾರವಷ್ಟೇ ಹೋದಳು. ಮೊದಮೊದಲು ನಾದಿನಿ ಮುಖ ಊದಿಸಿಕೊಂಡೇ ಬಾಗಿಲು ತೆಗೆಯುತ್ತಿದ್ದಳು. ಮೂರು ತಿಂಗಳಾದ ಮೇಲೆ ಒಂದು ಭಾನುವಾರ, ಮಾವನಿಗೆ ಇಬ್ಬರೂ ಸೇರಿ ಮೈ ಒರೆಸಿ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತಾಗ ಕೇಳಿದಳು:

"ಅತ್ತಿಗೆ, ಈ ಸುಸ್ತು ಯಾವಾಗ ಹೋಗುತ್ತೆ?"

"ನಂದಿನ್ನೂ ಹೋಗಿಲ್ಲ" ಎಂದಳು ಟೈಲರಕ್ಕ.

ಒಲೆಯ ಮೇಲೆ ಟೀ ಉಕ್ಕತೊಡಗಿತ್ತು. ನೀನೇ ಏಳು ಎಂಬಂತೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.