ಚೊಗರಿನ ಹಂಡೆಗೆ ಬಿದ್ದ ಅಕ್ಕನ ಫೋನು

ಅಕ್ಕನ ಬಳಿ ಇದ್ದದ್ದು ಗುಂಡಿ ಒತ್ತುವ ಚಿಕ್ಕ ಫೋನು. ಕೆರೆಬಿಳಚಿಯ ಅಡಿಕೆ ಮನೆಯ ಅಂಗಳದಲ್ಲಿ ನಾವು ಹೆಂಗಸರು ಸಾಲಾಗಿ ಕುಳಿತು ಹಸಿ ಅಡಿಕೆ ಸುಲಿಯುವಾಗ, ಅದನ್ನು ಖಾಲಿ ಸ್ಟೀಲ್ ಚೊಂಬಿನೊಳಗೆ ಇಟ್ಟು ಹಾಡು ಹಚ್ಚುತ್ತಿದ್ದಳು. ಚೊಂಬಿನಿಂದ ದನಿ ಅಂಗಳಕ್ಕೆಲ್ಲ ಕೇಳುತ್ತಿತ್ತು. ಚನ್ನಗಿರಿಯ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ತುಂಬಿಸಿಕೊಂಡು ಬಂದ ಅವೇ ಹಾಡುಗಳು, ಎಲ್ಲರಿಗೂ ಬಾಯಿಪಾಠ. ಈಗ ಒಬ್ಬೊಬ್ಬರ ಕಿವಿಯಲ್ಲೂ ಒಂದೊಂದು ಹಾಡು. ಅಂಗಳ ಸುಮ್ಮನಿರುತ್ತದೆ.

ಅಡಿಕೆ ಸುಲಿಯುವ ಕಾಲಕ್ಕೆ ಪ್ರತಿ ವರ್ಷ ಜಗಳೂರು ಕಡೆಯ ಬಿಳಿಚೋಡಿನಿಂದ ಒಬ್ಬಳು ಬರುತ್ತಿದ್ದಳು. ನಮ್ಮ ಮನೆಯಲ್ಲೇ ಉಳಿಯುತ್ತಿದ್ದಳು. ಅಕ್ಕನಿಗೂ ಅವಳಿಗೂ ಬಹಳ ಸ್ನೇಹ.

"ನಿಮ್ಮೂರ ಸೊಳ್ಳೆ ನಮ್ಮ ಕುರಿಮರಿಗಿಂತ ಕೊಬ್ಬ್ಯಾವೆ ಕಣೇ," ಅನ್ನುತ್ತಿದ್ದಳು ಅವಳು.

"ನಿಮ್ಮ ಕುರಿಮರಿ ಅಷ್ಟು ಬಡಕಲು ಅನ್ನು," ಅನ್ನುತ್ತಿದ್ದಳು ಅಕ್ಕ.

ಅವಳು ಊರಿಗೆ ಹೋದ ಮೇಲೂ ದಿನಾ ಸಂಜೆ ಫೋನು. ಏನು ಸಾರು ಮಾಡಿದೆ, ಯಾವ ಕುರಿ ಈಯಿತು, ಇಂಥದೇ ಮಾತು. ಅಕ್ಕ ನಗುವುದನ್ನು ನಾನು ಒಲೆಯ ಮುಂದೆ ಕುಳಿತು ಕೇಳುತ್ತಿದ್ದೆ. ಸ್ವಂತ ತಂಗಿ ಪಕ್ಕದಲ್ಲಿದ್ದರೂ ನನ್ನ ಜೊತೆ ಅಷ್ಟು ನಗುತ್ತಿರಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚಾಗುತ್ತಿದ್ದದ್ದು ನಿಜ.

ಒಂದು ವರ್ಷ ನನ್ನನ್ನು ಅಡಿಕೆ ಬೇಯಿಸುವ ಹಂಡೆಯ ಹತ್ತಿರ ಹಾಕಿದ್ದರು. ಒಂದು ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಲು ಹೋದಾಗ ನಾನು ಹಂಡೆಯ ಹತ್ತಿರ ಹಾಡು ಕೇಳೋಣವೆಂದು, ಅಕ್ಕನನ್ನು ಕೇಳದೆ ಚೊಂಬಿನಿಂದ ಫೋನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಬೆಂದಿದೆಯೋ ಇಲ್ಲವೋ ನೋಡಲು ಬಗ್ಗಿದೆ. ಫೋನು ಹಂಡೆಯೊಳಗೆ ಬಿತ್ತು. ಅಡಿಕೆ ಬೆಂದ ಆ ಕೆಂಪು ನೀರಿಗೆ ಚೊಗರು ಅನ್ನುತ್ತೇವೆ. ಬಟ್ಟೆಗೆ ಹತ್ತಿದರೆ ಬಿಡುವುದಿಲ್ಲ. ತೂತಿನ ಸೌಟಿನಿಂದ ಎತ್ತಿದಾಗ ಫೋನಿನ ಸಂದುಸಂದಿನಿಂದ ಚೊಗರು ಸೋರುತ್ತಿತ್ತು. ಹಳೇ ಬಟ್ಟೆಯಲ್ಲಿ ಸುತ್ತಿ ಸೌದೆಯ ಸಂದಿಯಲ್ಲಿ ತುರುಕಿದೆ. ಆಮೇಲೆ ಹೇಳಿದರಾಯಿತು ಅಂದುಕೊಂಡೆ.

ಊಟ ಮುಗಿಸಿ ಬಂದ ಅಕ್ಕ ಚೊಂಬು ತಡವಿದಳು. "ನನ್ನ ಫೋನ್ ಎಲ್ಲೈತ್ರೇ?" ಎಲ್ಲರೂ ಹುಡುಕಿದರು. ನಾನೂ ಹುಡುಕಿದೆ. ಆ ಹುಡುಕಾಟ ಈಗ ನೆನಪಾದರೆ ನಾಚಿಕೆಯಾಗುತ್ತದೆ.

ಅಂಗಳದ ಕೆಲಸ ನೋಡಿಕೊಳ್ಳುತ್ತಿದ್ದ ಅಜ್ಜಿಯೊಬ್ಬಳು ಹಳೇ ಕಾಲದ ದಾರಿ ಹಿಡಿದಳು. ನಮ್ಮಲ್ಲಿ ಸಾಮಾನು ಕಳವಾದರೆ ಯಾರನ್ನೂ ಕಳ್ಳರು ಅನ್ನುವ ಮೊದಲು ಗುಡ್ಡೆ ಹಾಕಿಸುತ್ತಾರೆ. ಎಲ್ಲರೂ ಸೆರಗಿನಲ್ಲಿ ಮಣ್ಣೋ ಹುಲ್ಲೋ ತುಂಬಿಕೊಂಡು, ಒಬ್ಬೊಬ್ಬರೇ ಕತ್ತಲೆ ಕೋಣೆಗೆ ಹೋಗಿ ಸುರಿದು ಬರಬೇಕು. ಕದ್ದವರು ಅದರ ಜೊತೆಗೇ ಸಾಮಾನನ್ನೂ ಬಿಟ್ಟರೆ ಮಾನ ಉಳಿಯುತ್ತದೆ.

"ಅಡಿಕೆ ಸಿಪ್ಪೆ ತುಂಬ್ಕೊಳ್ರಿ. ಸಿಕ್ಕಿದ ಮೇಲೆ ಯಾರೂ ಯಾರನ್ನೂ ಕೇಳಾಂಗಿಲ್ಲ," ಅಂದಳು ಅಜ್ಜಿ.

ನನ್ನ ಸರದಿ ಬಂದಾಗ ಸೆರಗಿನ ಸಿಪ್ಪೆಯೊಳಗೆ ಫೋನಿತ್ತು. ಕೋಣೆಯಲ್ಲಿ ನಿಂತು ಯೋಚಿಸಿದೆ. ಗುಡ್ಡೆ ಕೈಯನ್ನು ಮುಚ್ಚುತ್ತದೆ, ಚೊಗರನ್ನು ಮುಚ್ಚುತ್ತದೆಯೇ? ಹಂಡೆಯ ಹತ್ತಿರ ಇದ್ದವಳು ನಾನೊಬ್ಬಳೇ. ಸಿಪ್ಪೆ ಸುರಿದೆ, ಫೋನನ್ನು ಹಾಗೇ ಸೆರಗಿನಲ್ಲಿ ಅಡಗಿಸಿಕೊಂಡು ಹೊರಗೆ ಬಂದೆ. ಅವತ್ತೇ ಅದನ್ನು ಒಲೆಗೆ ಹಾಕಿದೆ.

ಅಜ್ಜಿ ಗುಡ್ಡೆ ಕೆದರಿದಳು. ಬರೀ ಸಿಪ್ಪೆ. ಆಮೇಲೆ ಹಿಂದಿನ ಸಾಲಿನಿಂದ ಯಾರೋ ಅಂದರು: "ಊರೋರು ಯಾಕೆ ತಗಂತಾರೆ? ಹೊರಗಿನೋರು ಅಂದ್ರೆ ಒಬ್ಬಾಕೀನೇ ಐದಾಳೆ."

ಬಿಳಿಚೋಡಿನವಳು ಎದ್ದಳು. ಯಾರೂ ಕೇಳದಿದ್ದರೂ ತನ್ನ ಗಂಟು ತಂದು ಅಂಗಳದ ನಡುವೆ ಬಿಚ್ಚಿದಳು. ಎರಡು ಸೀರೆ, ಒಳಗಿನ ಬಟ್ಟೆಗಳು, ಬಾಚಣಿಗೆ, ಒಂದು ಕಟ್ಟು ಎಲೆಅಡಿಕೆ. ಎಲ್ಲವನ್ನೂ ಕೊಡವಿ ಕೊಡವಿ ತೋರಿಸಿದಳು. ತೋರಿಸುವಾಗ ಅಕ್ಕನ ಮುಖ ನೋಡುತ್ತಿದ್ದಳು. ಅಕ್ಕ ತಲೆ ತಗ್ಗಿಸಿದಳು. ಮರುದಿನ ಮೊದಲ ಬಸ್ಸಿಗೆ ಅವಳು ಹೋದಳು.

ಅದೇ ನಂಬರಿನ ಸಿಮ್ ಬೇಕಾದರೆ ಪೊಲೀಸರ ಚೀಟಿ ತನ್ನಿ ಅಂದಿದ್ದರು ಫೋನಿನ ಅಂಗಡಿಯವರು. ಚನ್ನಗಿರಿ ಠಾಣೆಗೆ ಹೋದೆವು. ನಾನು ಓದಿದ್ದು ಆರನೇ ಕ್ಲಾಸು. ಅಕ್ಕನಿಗೆ ಅದೂ ಇಲ್ಲ. ಅರ್ಜಿಯನ್ನು ನನ್ನ ಕೈಯಿಂದಲೇ ಬರೆಸಿದರು.

"ಕಳೆದಿದ್ದೋ, ಕದ್ದಿದ್ದೋ?" ಅಂದರು ಕಾನ್ಸ್‌ಟೇಬಲ್.

"ಕಳೆದೋಗೈತೆ ಅಂತ ಬರಿಯವ್ವ," ಅಂದಳು ಅಕ್ಕ. ಬರೆದೆ.

ನಂಬರು ಸಿಕ್ಕಿತು. ಆದರೆ ಗೆಳತಿಯ ನಂಬರು ಹಳೇ ಫೋನಿನೊಳಗಿತ್ತು, ಯಾರಿಗೂ ಬಾಯಿಗೆ ಬರುತ್ತಿರಲಿಲ್ಲ. ಅವಳೇ ಮಾಡಿಯಾಳು ಎಂದು ಅಕ್ಕ ಕಾದಳು. ಸಂಜೆ ಹೊತ್ತು ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿರುತ್ತಿದ್ದಳು. ಬಿಳಿಚೋಡಿಗೆ ಹೋಗೋಣವೇ ಎಂದರೆ "ಯಾವ ಮುಖ ಇಟ್ಕಂಡು ಹೋಗಾಕಾಗುತ್ತೆ?" ಅನ್ನುತ್ತಿದ್ದಳು. ವರ್ಷಗಳು ಹೋದವು. ಕಳೆದ ವರ್ಷ ಅಂಗಡಿಯವನು, ಹೊಸ ನಂಬರು ತಗೊಂಡರೆ ಮೂರು ತಿಂಗಳು ಪುಕ್ಕಟೆ ಅಂದ. "ಬ್ಯಾಡಪ್ಪ, ಇದೇ ಇರ್ಲಿ. ಒಬ್ರಿಗೆ ಈ ನಂಬರ್ ಗೊತ್ತೈತೆ," ಅಂದಳು ಅಕ್ಕ. ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಎಲ್ಲ ಹೇಳಿಬಿಟ್ಟೆ.

ಬಯ್ಯುತ್ತಾಳೆ ಅಂದುಕೊಂಡಿದ್ದೆ. "ನಾಳೆ ಹೋಗಾಣ," ಅಂದಳು, ಅಷ್ಟೇ.

ಬಿಳಿಚೋಡಿನಲ್ಲಿ ಅವಳು ಕುರಿ ಹಟ್ಟಿ ಗುಡಿಸುತ್ತಿದ್ದಳು. ನೀರು ಕೊಟ್ಟಳು. ನನ್ನ ಮಾತು ಪೂರ್ತಿ ಕೇಳಿದಳು.

"ಇಲ್ಲಿ ಹೇಳಿದ್ರೆ ಕುರಿ ಕೇಳ್ತಾವೆ," ಅಂದಳು. "ಆ ಅಂಗಳದಾಗೆ ಹೇಳು."

ಈ ಸಲದ ಅಡಿಕೆ ಕಾಲದಲ್ಲಿ ಹೇಳಿದೆ. ಎಲ್ಲರೂ ಮರೆತಿರುತ್ತಾರೆ ಎಂಬ ಆಸೆ ಒಳಗೊಳಗೇ ಇತ್ತು. ಬಾಯಿ ತೆರೆದಿದ್ದೇ ತಡ, ಒಬ್ಬಳು "ಅದೇ, ಆ ಬಿಳಿಚೋಡಿನೋಳು ಕದ್ದಿದ್ಲಲ್ಲ, ಆ ಫೋನಾ?" ಅಂದಳು. ಅವಳು ಕದ್ದದ್ದಲ್ಲ, ನಾನು ಸುಟ್ಟದ್ದು ಅಂದೆ. ಅಡಿಕೆ ಸುಲಿಯುವ ಕತ್ತಿಗಳೆಲ್ಲ ನಿಂತವು.

ಸಂಜೆ ಅಕ್ಕ ಅವಳಿಗೆ ಫೋನು ಮಾಡಿ ನನ್ನ ಕೈಗೆ ಕೊಟ್ಟಳು.

"ಅವತ್ತಿನೋರು ಇವತ್ತು ಎಷ್ಟು ಜನ ಇದ್ರು?"

"ಒಂಬತ್ತು."

"ನನ್ನ ಗಂಟು ನೋಡಿದೋರು ಹನ್ನೆರಡು. ಇನ್ನ ಮೂವರು?"

ಒಬ್ಬಳು ನಮ್ಮ ಓಣಿಯವಳೇ, ನಾನು ಹೇಳಿದ ದಿನ ಕೆಲಸಕ್ಕೆ ಬಂದಿರಲಿಲ್ಲ. ಅವಳ ಮನೆಗೇ ಹೋಗಿ ಹೇಳಿದೆ. ಇನ್ನೊಬ್ಬಳು ಈಗ ನ್ಯಾಮತಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ಅಲ್ಲಿಗೂ ಹೋಗಿಬಂದೆ. ಮತ್ತೆ ಫೋನು ಮಾಡಿ ಇಬ್ಬರಿಗೂ ಹೇಳಿದೆ ಅಂದೆ.

"ಗುಡ್ಡೆ ಹಾಕಿಸಿದ ಅಜ್ಜಿಗೆ?"

"ಅಜ್ಜಿ ತೀರ್ಕಂಡು ಎರಡು ವರ್ಷ ಆತು."

ಆ ಕಡೆ ಕುರಿಗಳ ಸದ್ದು ಕೇಳುತ್ತಿತ್ತು.

"ಹಂಗಾದ್ರೆ ಅಜ್ಜಿ ನಾನೇ ಕಳ್ಳಿ ಅಂತ ತಿಳ್ಕಂಡೇ ಹೋದ್ಲು," ಅಂದಳು.

ಅಕ್ಕ ನನ್ನ ಕೈಯಿಂದ ಫೋನು ತೆಗೆದುಕೊಂಡು, "ಏನು ಸಾರು ಮಾಡಿದಿಯೇ?" ಅಂದಳು. ಬಹಳ ಹೊತ್ತಿನ ಮೇಲೆ ಆ ಕಡೆಯಿಂದ ಏನೋ ಒಂದು ಮಾತು ಬಂತು. ನಾನು ಎದ್ದು ಹೊರಗೆ ಹೋದೆ.