ಆರು ಗುಂಡಿಗೆ ಹದಿನಾಲ್ಕು ನಿಮಿಷ

ಬೆಳಗಿನ ಐದೂವರೆ. ಮೂರನೆಯ ಮಹಡಿಯ ಆ ಮನೆಯ ಬಾಗಿಲು ಆಗಲೇ ತೆರೆದಿದೆ. ಬಚ್ಚಲಿನ ಸ್ಟೂಲಿನ ಮೇಲೆ ನಿವೃತ್ತ ಬಸ್ ಡ್ರೈವರ್ ಒಬ್ಬರು ಹೆಗಲ ಮೇಲೆ ಹಳೆಯ ಚಾದರ ಹೊದ್ದು ಕೂತಿದ್ದಾರೆ. ಅವರೆದುರು ಮಂಡಿಯೂರಿದ ಹೆಂಗಸು ಮೊಣಕೈಯನ್ನು ಬಕೆಟ್ಟಿನ ನೀರಿಗೆ ಅದ್ದಿ ನೋಡುತ್ತಾರೆ. ಸ್ವಲ್ಪ ತಣ್ಣೀರು ಬೆರೆಸಿ ಮತ್ತೆ ಅದ್ದುತ್ತಾರೆ. ಮೊದಲ ಚೊಂಬು ನೀರು ಪಾದಕ್ಕೆ.

"ತಲೆಗೆ ಮೊದಲು ಹಾಕಿದ್ರೆ ಜೀವ ಬೆಚ್ಚಿಬೀಳುತ್ತೆ. ಕಾಲಿಗೆ ಹಾಕಿದ್ರೆ ಮೈಗೆಲ್ಲ ಸುದ್ದಿ ಹೋಗುತ್ತೆ, ನೀರು ಬರ್ತಾ ಇದೆ ಅಂತ."

ಚಾದರ ಪೂರ್ತಿ ಸರಿಯುವುದಿಲ್ಲ. ಒಂದು ಕಾಲು ಹೊರಬರುತ್ತದೆ, ತೊಳೆದು ಒರೆಸಿದ ಮೇಲೆ ಒಳಗೆ ಹೋಗುತ್ತದೆ. ಆಮೇಲೆ ಇನ್ನೊಂದು ಕಾಲು, ಆಮೇಲೆ ಕೈಗಳು. ಮೈ ತೊಳೆಸಿಕೊಳ್ಳುವವರು ಒಂದು ಕ್ಷಣವೂ ಬೆತ್ತಲೆ ಕೂರುವುದಿಲ್ಲ. ಸ್ನಾನ, ಕ್ಷೌರ, ಪಂಚೆ, ಅಂಗಿಯ ತೋಳು, ಎಲ್ಲ ಸೇರಿ ಇಪ್ಪತ್ತಾರು ನಿಮಿಷ. ಕೈಗಳು ಎಲ್ಲೂ ತಡವರಿಸುವುದಿಲ್ಲ.

ನಂತರ ಆಕೆ ಒಂದು ಕುರ್ಚಿ ಎಳೆದುಕೊಂಡು ಕೂತುಬಿಡುತ್ತಾರೆ. ಏನೂ ಮಾಡುವುದಿಲ್ಲ.

ಡ್ರೈವರ್ ಅಂಗಿಯ ಕೆಳಗಿನ ಗುಂಡಿಗೆ ಕೈ ಹಾಕುತ್ತಾರೆ. ಒಂದೂವರೆ ವರ್ಷದ ಹಿಂದೆ ಲಕ್ವ ಹೊಡೆದ ಬಲಗೈ. ಬೆರಳು ಗುಂಡಿಯನ್ನು ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ.

"ಏನ್ ಡ್ರೈವರ್ ಸಾಹೇಬ್ರೇ, ಇವತ್ತು ಟ್ರಾಫಿಕ್ ಜಾಸ್ತೀನಾ?"

"ಎರಡನೇ ಸ್ಟಾಪು... ಯಾವಾಗ್ಲೂ... ರಶ್ಶು."

ಅಡುಗೆಮನೆಯಿಂದ ಅವರ ಹೆಂಡತಿಯ ದನಿ: "ಇವರ ಬಸ್ಸಿಗೆ ಕಾದು ಕಾದೇ ನನ್ನ ಅರ್ಧ ಆಯಸ್ಸು ಹೋಯ್ತು. ಈಗ ಇವರ ಅಂಗಿಗೂ ಕಾಯಬೇಕಂತೆ!"

ಆರು ಗುಂಡಿ. ಹದಿನಾಲ್ಕು ನಿಮಿಷ. ಕೊನೆಯದು ತೂತಿನೊಳಗೆ ಸೇರಿದಾಗ ಗಂಟೆ ಆರು ಹತ್ತು. ಕುರ್ಚಿಯಲ್ಲಿ ಕೂತವರು ಎದ್ದು ಬಕೆಟ್ಟು ಬೋರಲು ಹಾಕಿ, ಚೀಲ ಹೆಗಲಿಗೇರಿಸಿ, ಮೆಟ್ಟಿಲು ಇಳಿಯುತ್ತಾರೆ.

ಈ ಬೀದಿಗಳಲ್ಲಿ ಎಲ್ಲರೂ ಅವರನ್ನು 'ಸ್ನಾನದಕ್ಕ' ಎನ್ನುತ್ತಾರೆ. ವಯಸ್ಸು ಐವತ್ತಮೂರು. ಚರ್ಚಿನ ಸಭೆಯೊಂದು ನಡೆಸುವ ಮನೆಶುಶ್ರೂಷೆಯಲ್ಲಿ ಹದಿನೇಳು ವರ್ಷದಿಂದ ಇದ್ದಾರೆ. ಹಾಸಿಗೆ ಹಿಡಿದವರು, ಕೈಕಾಲು ಬಿದ್ದವರು, ಬಚ್ಚಲಲ್ಲಿ ಜಾರುವ ಭಯವಿರುವವರು, ಇವರ ಮನೆಗೆ ಹೋಗಿ ಸ್ನಾನ ಮಾಡಿಸುವುದು ಕೆಲಸ. ದಿನಕ್ಕೆ ಏಳು ಮನೆ, ಒಂದೊಂದು ಮನೆಗೆ ನಲವತ್ತು ನಿಮಿಷ. ನಡಿಗೆಯಲ್ಲೇ ಮನೆಯಿಂದ ಮನೆಗೆ. ಹತ್ತಿ ಇಳಿಯುವ ಮೆಟ್ಟಿಲು ಇನ್ನೂರ ಹದಿನೆಂಟು. ಅವರೇ ಎಣಿಸಿದ್ದು. "ಮಂಡಿ ನೋವು ಬಂದ್ಮೇಲೆ ಎಣಿಸೋಕೆ ಶುರು ಮಾಡ್ದೆ. ಅದಕ್ಕೆ ಮುಂಚೆ ಮೆಟ್ಟಿಲು ಇದೆ ಅಂತಾನೇ ಗೊತ್ತಿರ್ಲಿಲ್ಲ."

ಎರಡು ವರ್ಷದ ಹಿಂದೆ ಐದು ತಿಂಗಳು ನಮ್ಮ ಮನೆಯೂ ಆ ಏಳರಲ್ಲಿ ಒಂದಾಗಿತ್ತು. ನನ್ನ ಗಂಡನಿಗೆ ಆಗ ಮೂವತ್ತಮೂರು. ಕೊನೆಯ ವಾರದವರೆಗೂ ತನ್ನ ಮುಖವನ್ನು ತಾನೇ ತೊಳೆದುಕೊಂಡ. ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂಬುದು ನನಗೆ ಗೊತ್ತು. ಆ ಹೊತ್ತು ಎಲ್ಲಿಂದ ಬರುತ್ತಿತ್ತು ಎಂದು ಆಗ ಕೇಳಲಿಲ್ಲ. ಈಗ ಕೇಳಲು ಬಂದಿದ್ದೇನೆ.

ಸ್ನಾನದಕ್ಕ ಮೊದಲಿನಿಂದ ಹೀಗಿರಲಿಲ್ಲ. "ಮೊದಲ ಮೂರು ವರ್ಷ ನನ್ನಷ್ಟು ಚುರುಕು ಯಾರೂ ಇರ್ಲಿಲ್ಲ. ಹನ್ನೆರಡು ನಿಮಿಷಕ್ಕೆ ಸ್ನಾನ, ಮೂರು ನಿಮಿಷಕ್ಕೆ ಬಟ್ಟೆ. ಗೊಂಬೆಗೆ ತೊಡಿಸಿದ ಹಾಗೆ. ಆಫೀಸಲ್ಲಿ ಹೊಗಳೋರು. ನಾನೂ ಬೀಗ್ತಿದ್ದೆ."

ಹಾಸ್ಟೆಲ್ ಒಂದರಲ್ಲಿ ಅಡುಗೆ ಮಾಡಿಕೊಂಡಿದ್ದ ಅಜ್ಜಿಯೊಬ್ಬರು ಆಗ ಅವರ ಪಟ್ಟಿಯಲ್ಲಿದ್ದರು. ಅಜ್ಜಿ ತಮ್ಮ ತಲೆಯನ್ನು ತಾವೇ ಬಾಚಿಕೊಳ್ಳಬಲ್ಲವರು. ಆದರೆ ನಿಧಾನ. ಸ್ನಾನದಕ್ಕ ಬಾಚಣಿಗೆ ಕಿತ್ತುಕೊಂಡು ಬಾಚಿ, ಗಂಟು ಹಾಕಿ, ಮುಂದಿನ ಮನೆಗೆ ಓಡುತ್ತಿದ್ದರು. ನಾಲ್ಕು ತಿಂಗಳು ಹೀಗೇ ನಡೆಯಿತು. ತಾವೇ ಒಂದು ವಾರ ಜ್ವರ ಬಂದು ಮಲಗಿ, ಎದ್ದು ಹೋದಾಗ ಅಜ್ಜಿಯ ತಲೆ ಗುಬ್ಬಿಗೂಡಾಗಿತ್ತು. ಬಾಚಣಿಗೆ ಹಿಡಿದ ಕೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ.

"ಅಜ್ಜಿ ಬೈಲಿಲ್ಲ. ನಕ್ಕರು. 'ನೀನು ಬಲು ಚುರುಕು ಕಣಮ್ಮ. ಅವಸರದಲ್ಲಿ ನನ್ನ ಕೈನೂ ನಿನ್ನ ಚೀಲಕ್ಕೆ ಹಾಕ್ಕೊಂಡು ಹೋಗ್ಬಿಟ್ಟೆ' ಅಂದ್ರು."

ಅವತ್ತಿನಿಂದ ಬಾಚಣಿಗೆ ಅಜ್ಜಿಯ ಕೈಗೇ ಬಂತು. "ಎರಡು ತಿಂಗಳಲ್ಲಿ ಕೈ ಕಿವಿವರೆಗೆ ಬಂತು. ನೆತ್ತಿಗೆ ಬರ್ಲೇ ಇಲ್ಲ. ಆಮೇಲೆ ಅಜ್ಜಿ ತೀರ್ಕೊಂಡ್ರು." ಇಷ್ಟು ಹೇಳಿ ಸ್ನಾನದಕ್ಕ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಳ್ಳುತ್ತಾರೆ. "ಹೊತ್ತು ಉಳಿಸ್ತಿದೀನಿ ಅಂದ್ಕೊಂಡಿದ್ದೆ. ಕದ್ದಿದ್ದೆ."

ಚರ್ಚಿನಲ್ಲಿ ಮನೆವಾರ್ತೆಯವನ ಕುರಿತ ಪ್ರಸಂಗವನ್ನು ಅವರು ಚಿಕ್ಕಂದಿನಿಂದ ಕೇಳಿದ್ದಾರೆ. ಅಜ್ಜಿಯ ಬಾಚಣಿಗೆಯ ನಂತರವೇ ಅದು ಕಿವಿಯಿಂದ ಒಳಗಿಳಿದದ್ದು ಎನ್ನುತ್ತಾರೆ. "ಮನೆವಾರ್ತೆಯವನು ಅಂದ್ರೆ ಯಾರು? ಯಜಮಾನ ಊರಿಗೆ ಹೋದಾಗ ಮನೆ ನೋಡ್ಕೊಳ್ಳೋನು. ಉಗ್ರಾಣದ ಬೀಗದ ಕೈ ಅವನ ಸೊಂಟದಲ್ಲಿರುತ್ತೆ. ಹಾಗಂತ ಕಾಳು ಅವನದಲ್ಲ. ಗಾಳಿಗೆ ತೂರೋ ಹಾಗಿಲ್ಲ. ಬೀಗ ಜಡಿದು ಕೂರೋ ಹಾಗೂ ಇಲ್ಲ. ಹಸಿದವರು ಬಂದಾಗ ಅಳೆದು ಹಾಕಬೇಕು. ನನ್ನ ದಿನಾನೂ ಹಾಗೇನೇ. ಕರ್ತರದ್ದು. ನನ್ನ ಕೈಲಿ ಕೊಟ್ಟಿದಾರೆ ಅಷ್ಟೆ."

ಅದಕ್ಕೆ ಎಚ್ಚರ ನಾಲ್ಕು ಹತ್ತಕ್ಕೆ. ಹತ್ತು ನಿಮಿಷ ಪ್ರಾರ್ಥನೆ. ರಾತ್ರಿಯೇ ಮಡಚಿಟ್ಟ ಬಟ್ಟೆ, ರಾತ್ರಿಯೇ ತುಂಬಿಸಿಟ್ಟ ಚೀಲ. ಮೊಬೈಲು ಮಧ್ಯಾಹ್ನದವರೆಗೆ ಚೀಲದ ತಳದಲ್ಲಿ. ಸಂಜೆ ಊಟದ ಮೇಜಿನ ಬಳಿ ಕೂತು ಅಂದಿನ ದಿನವನ್ನು ದೇವರಿಗೆ ಬಾಯಿಬಿಟ್ಟು ಒಪ್ಪಿಸುತ್ತಾರೆ. ಅಡಗಿಸುವುದೇನೂ ಇಲ್ಲ. "ಮೊನ್ನೆ ಇಪ್ಪತ್ತು ನಿಮಿಷ ಪಕ್ಕದ ಮನೆಯವಳನ್ನ ಮನಸ್ಸಲ್ಲೇ ಬೈಕೊಂಡು ಕಳೆದೆ. ಅದನ್ನೂ ಹೇಳ್ದೆ. ಅದನ್ನ ಹೇಳೋಕೆ ಇನ್ನೂ ಐದು ನಿಮಿಷ ಹೋಯ್ತು."

ಗಂಡ ಬೇಕರಿಯಲ್ಲಿ ಹಿಟ್ಟು ನಾದುವವರು. ಮೂರು ಗಂಟೆಗೇ ಮನೆ ಬಿಡುತ್ತಾರೆ. ಇಬ್ಬರೂ ಎಚ್ಚರವಾಗಿ ಒಟ್ಟಿಗೆ ಸಿಗುವುದು ಮಧ್ಯಾಹ್ನ ಒಂದೂವರೆಯಿಂದ ಮೂರು. ಆಗ ಬಾಗಿಲಿಗೆ ಚಿಲಕ. "ಚರ್ಚಿನ ಸಭಾಪಾಲಕರು ಬಂದ್ರೂ ತೆಗೆಯಲ್ಲ" ಎನ್ನುತ್ತಾರೆ ಸ್ನಾನದಕ್ಕ. ಗಂಡ ದನಿ ಸೇರಿಸುತ್ತಾರೆ: "ಒಂದ್ಸಲ ನಿಜವಾಗ್ಲೂ ಬಂದಿದ್ರು. ಇವಳು ತೆಗೀಲಿಲ್ಲ. ಭಾನುವಾರ ಅವರ ಮುಖ ನೋಡೋಕಾಗ್ದೆ ನಾನು ಕಂಬದ ಹಿಂದೆ ಕೂತೆ." ಆ ತೊಂಬತ್ತು ನಿಮಿಷ ಅವರಿಬ್ಬರೂ ಹೆಚ್ಚೇನೂ ಮಾಡುವುದಿಲ್ಲ. ಉಣ್ಣುತ್ತಾರೆ. ಮಾತಾಡುತ್ತಾರೆ. ಒಬ್ಬರು ಮಾತಾಡುತ್ತಿರುವಾಗಲೇ ಇನ್ನೊಬ್ಬರಿಗೆ ನಿದ್ದೆ ಬರುತ್ತದೆ.

ನಾನು ಅವರ ಹಿಂದೆ ಸುತ್ತಲು ಶುರುಮಾಡಿದ ವಾರದಲ್ಲೇ ಕಚೇರಿಯಿಂದ ಹೊಸ ಪಟ್ಟಿ ಬಂತು. ಚರ್ಚಿನ ಹಿಂದಿನ ಒಂದೇ ಕೋಣೆಯ ಕಚೇರಿ. ಮೇಲ್ವಿಚಾರಕಿ ಮೂವತ್ತು ದಾಟದ ಹೆಂಗಸು, ಕಣ್ಣ ಕೆಳಗೆ ಕಪ್ಪು. ಗೋಡೆಯ ಹಲಗೆಯ ಮೇಲೆ ಕಾಯುತ್ತಿರುವವರ ಹೆಸರು ಹತ್ತೊಂಬತ್ತು. ಅದರಲ್ಲಿ ಮೊದಲನೆಯವರಿಗೆ ಸ್ನಾನವಾಗಿ ಹನ್ನೊಂದು ದಿನ. ಒಬ್ಬಳೇ ಮಗಳು ಹೊಲಿಗೆ ಕಾರ್ಖಾನೆಯಲ್ಲಿ ದುಡಿಯುತ್ತಾಳೆ, ಅಮ್ಮನನ್ನು ಎತ್ತಿ ಕೂರಿಸುವ ಶಕ್ತಿ ಅವಳಿಗಿಲ್ಲ.

"ಅಕ್ಕಾ, ಒಂದೊಂದು ಮನೆಯಿಂದ ಐದೈದು ನಿಮಿಷ ತೆಗೆದ್ರೆ ನಿಮ್ಮ ಪಟ್ಟೀಲಿ ಎಂಟನೇ ಮನೆ ಕೂರುತ್ತೆ. ನನಗೆ ಬೇರೆ ದಾರಿ ಕಾಣ್ತಿಲ್ಲ."

ಸ್ನಾನದಕ್ಕ ಜಗಳವಾಡಲಿಲ್ಲ. ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. "ಅವರು ಹೇಳೋದು ಸರಿ. ಎಂಟನೇ ಮನೇನೂ ಅದೇ ಯಜಮಾನನದ್ದು ತಾನೆ? ಆದ್ರೆ ಡ್ರೈವರ್ ಸಾಹೇಬ್ರಿಗೆ ಐದು ನಿಮಿಷ ಅಂದ್ರೆ ಎರಡು ಗುಂಡಿ. ಇವತ್ತು ಎರಡು ನಾನು ಹಾಕಿಕೊಟ್ರೆ ನಾಳೆ ನಾಲ್ಕು. ಆಮೇಲೆ ಅಂಗಿ ಪೂರ್ತಿ ನಂದೇ. ಅವರ ಕೈ ಮತ್ತೆ ನನ್ನ ಚೀಲಕ್ಕೆ."

ಹೊಸ ಪಟ್ಟಿ ಜಾರಿಯಾಗುವ ಒಂದನೇ ತಾರೀಖಿಗೆ ಆರು ದಿನ ಬಾಕಿ. ಆ ಆರು ದಿನ ಅವರು ನಿಮಿಷಗಳ ಬೇಟೆಗೆ ಇಳಿಯುತ್ತಾರೆ. ಸಣ್ಣ ನೋಟುಪುಸ್ತಕ ಒಂದು ಜೇಬಿಗೆ ಬರುತ್ತದೆ. ಎರಡನೇ ಮನೆಯಲ್ಲಿ ಟವೆಲು ಹುಡುಕಲು ನಾಲ್ಕು ನಿಮಿಷ ಹೋಗುತ್ತದೆ. "ಅಮ್ಮಾ, ನಾಳೆಯಿಂದ ಟವೆಲು ಕುರ್ಚಿ ಮೇಲಿರ್ಲಿ. ಇಲ್ದಿದ್ರೆ ನಿಮ್ಮ ಯಜಮಾನರನ್ನ ಕಿಟಕಿ ಪರದೇಲಿ ಒರೆಸ್ತೀನಿ." ಮೂರನೇ ಮನೆಯಲ್ಲಿ ನೀರು ಕಾಯುವವರೆಗೆ ನಿಲ್ಲಬೇಕು. ಎರಡನೇ ಮನೆ ಬಿಡುವಾಗ ಒಂದು ಮಿಸ್ಡ್ ಕಾಲ್, ಅವರು ಒಲೆ ಹಚ್ಚಲಿ ಎಂದು ಗೊತ್ತುಮಾಡುತ್ತಾರೆ. ಆ ಒಂದು ಕರೆಗೆ ಮೊಬೈಲು ಚೀಲದ ತಳದಿಂದ ಮೇಲೇಳುತ್ತದೆ. ಐದನೇ ಮನೆಯಲ್ಲಿ ಸೋರುವುದು ಮಾತಿನಲ್ಲಿ, ತಪ್ಪು ತಮ್ಮದೇ. "ಅಲ್ಲಿ ನಾನೇ ವಟವಟ ಅಂತೀನಿ." ಹೀಗೆ ಆರು ಮನೆಗಳಲ್ಲೂ ಐದೈದು ನಿಮಿಷ ಸಿಗುತ್ತದೆ. ಯಾರ ಮೈಯ ಪಾಲಿನ ನೀರೂ ಕಡಿಮೆಯಾಗುವುದಿಲ್ಲ.

ಡ್ರೈವರ್ ಮನೆಯಲ್ಲಿ ಮಾತ್ರ ಏನೂ ಸಿಗುವುದಿಲ್ಲ. ಅಲ್ಲಿ ಟವೆಲು ಕುರ್ಚಿಯ ಮೇಲಿದೆ, ನೀರು ಕಾದಿದೆ. ಜೀವಮಾನವೆಲ್ಲ ವೇಳಾಪಟ್ಟಿಯಲ್ಲಿ ಬದುಕಿದ ಮನೆ ಅದು.

ಕೊನೆಗೆ ಸ್ನಾನದಕ್ಕ ಡ್ರೈವರರ ಹೆಂಡತಿಯನ್ನೇ ಕೇಳುತ್ತಾರೆ. "ಅಮ್ಮಾ, ಒಂದನೇ ತಾರೀಖಿಂದ ನಾಲ್ಕು ಗುಂಡಿವರೆಗೆ ನಾನಿರ್ತೀನಿ. ಕೊನೇ ಎರಡು ನಿಮ್ಮ ಪಾಲು."

"ಅದಕ್ಕೇನಂತೆ, ಹಾಕಿಬಿಡ್ತೀನಿ."

"ಹಾಕೋದಲ್ಲ ಅಮ್ಮಾ. ಕಾಯೋದು."

ಮೊದಲ ದಿನ ಸ್ನಾನದಕ್ಕನ ಚಪ್ಪಲಿಯ ಸದ್ದು ಎರಡನೇ ಮಹಡಿಗೆ ಇಳಿಯುವಷ್ಟರಲ್ಲಿ ಎರಡೂ ಗುಂಡಿ ಹಾಕಿಯಾಗಿತ್ತು. ಮರುದಿನ ಬೆಳಿಗ್ಗೆ ಡ್ರೈವರ್ ದೂರು ಕೊಟ್ಟರು: "ಇವಳು... ಕಳ್ಳಿ." ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ನೋಡೋಕಾಗಲ್ಲ ಅಕ್ಕಾ. ಅಷ್ಟು ದೊಡ್ಡ ಬಸ್ಸು ತಿರುಗಿಸಿದ ಕೈ. ಒಂದು ಗುಂಡಿ ಹಿಡಿಯೋಕೆ ನಡುಗುತ್ತೆ. ನನ್ನ ಕೈ ಸುಮ್ನಿರಲ್ಲ."

ಸ್ನಾನದಕ್ಕ ಉಪದೇಶ ಮಾಡಲಿಲ್ಲ. ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟರು. "ನೋಡೋಕಾಗಲ್ಲ ಅಂದ್ರೆ ನೋಡ್ಬೇಡಿ. ಬೆನ್ನು ತಿರುಗಿಸಿ ಕೂತ್ಕೊಳ್ಳಿ. ಅವರು ಆಯ್ತು ಅಂದ್ಮೇಲೆ ತಿರುಗಿ."

ಮೂರನೇ ದಿನ ನಾನು ಅಲ್ಲಿ ಉಳಿದುಕೊಂಡೆ. ಆಕೆ ಗೋಡೆಗೆ ಮುಖ ಮಾಡಿ ಕೂತರು. ಎರಡೂ ಅಂಗೈ ತೊಡೆಯ ಕೆಳಗೆ. ಹಿಂದೆ ಗಂಡನ ಉಸಿರಾಟ, ಬಟ್ಟೆಯ ಸರಪರ.

"ಎಲ್ಲಿದೀರಿ?"

"ಐದನೇ... ಸ್ಟಾಪು."

"ನಿದ್ದೆಗಿದ್ದೆ ಹೋದ್ರಾ?"

"ಆತುರಗಾರನಿಗೆ... ಬುದ್ಧಿ ಮಟ್ಟ. ಸುಮ್ನೆ... ಕೂರೇ."

ಆಕೆ ನಕ್ಕರು. ತೊಡೆಯ ಕೆಳಗಿನ ಕೈ ತೆಗೆಯಲಿಲ್ಲ. ಏಳು ನಿಮಿಷ ಹಾಗೇ ಕೂತಿದ್ದರು. ಆ ಹೊತ್ತಿಗೆ ಸ್ನಾನದಕ್ಕ ಎರಡನೇ ಮನೆಯ ಬಚ್ಚಲಲ್ಲಿದ್ದರು. ಅದೇ ಬೆಳಿಗ್ಗೆ ಹನ್ನೊಂದಕ್ಕೆ ಸ್ವಲ್ಪ ಮುಂಚೆ ಎಂಟನೇ ಮನೆಯ ಅಮ್ಮನ ಪಾದಕ್ಕೆ ಮೊದಲ ಚೊಂಬು ನೀರು ಬಿತ್ತು. ಅವರು ಕಣ್ಣು ಮುಚ್ಚಿ "ಇನ್ನೊಂದು ಸ್ವಲ್ಪ" ಎಂದರು. ಇನ್ನೊಂದು ಸ್ವಲ್ಪಕ್ಕೂ ಆ ಮೂವತ್ತೈದು ನಿಮಿಷದಲ್ಲಿ ಜಾಗವಿತ್ತು.

ಭಾನುವಾರ ಆರಾಧನೆ ಮುಗಿದು ಜನ ಚರ್ಚಿನ ಮೆಟ್ಟಿಲಿಳಿಯುತ್ತಿದ್ದಾರೆ. ಡ್ರೈವರ್ ಊರುಗೋಲು ಹಿಡಿದು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ನಿಧಾನವಾಗಿ ಬರುತ್ತಾರೆ. ಬೆಳಿಗ್ಗೆ ಎರಡನೇ ಗುಂಡಿ ಮೂರನೇ ತೂತಿಗೆ ಹೋಗಿದೆ. ಅಲ್ಲಿಂದ ಮೇಲೆ ಎಲ್ಲವೂ ಒಂದೊಂದು ತೂತು ತಪ್ಪಿ, ಕಾಲರು ಒಂದು ಕಡೆ ಕಿವಿಯ ಹತ್ತಿರ ಎದ್ದಿದೆ. ಬಾಗಿಲ ಬಳಿ ಕೈ ಕುಲುಕುತ್ತಿದ್ದ ಸಭೆಯ ಹಿರಿಯರೊಬ್ಬರು "ಅಯ್ಯೋ, ಗುಂಡಿ ತಪ್ಪಿದೆಯಲ್ಲ" ಎನ್ನುತ್ತ ಸರಿಮಾಡಲು ಬೆರಳು ಚಾಚುತ್ತಾರೆ.

ಡ್ರೈವರ್ ಹೆಂಡತಿ ಆ ಕೈಯನ್ನು ಮೆಲ್ಲಗೆ ತಡೆಯುತ್ತಾರೆ.

"ಬಿಡಿ ಅಣ್ಣಾ. ಅವರೇ ಹಾಕ್ಕೊಂಡಿದ್ದು."

ಸ್ನಾನದಕ್ಕ ಎರಡು ಮೆಟ್ಟಿಲು ಕೆಳಗೆ ಗಂಡನ ಪಕ್ಕ ನಿಂತಿದ್ದಾರೆ. ಎಲ್ಲ ನೋಡಿದ್ದಾರೆ. ನಮ್ಮ ಮನೆಯ ಆ ಐದು ತಿಂಗಳಿಗಾಗಿ ನಾನು ಅವರಿಗೆ ಇದುವರೆಗೆ ಕೃತಜ್ಞತೆ ಹೇಳಿರಲಿಲ್ಲ. ಈಗ ಹೇಳುತ್ತೇನೆ. ಅವರು ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ನೀರಿನಲ್ಲಿ ನೆನೆದು ನೆನೆದು ಸುಕ್ಕಾದ, ಬೆಚ್ಚಗಿನ ಕೈ.

ನಿಮಗೇನಾದರೂ ಆಸೆ ಇದೆಯಾ ಎಂದು ಕೇಳುತ್ತೇನೆ.

"ಇದೆ. ಡ್ರೈವರ್ ಸಾಹೇಬ್ರು ಒಂದಿನ ನನಗೆ ಬಾಗಿಲು ತೆಗೆದು, 'ನೀನಿನ್ನು ಬರೋದು ಬೇಡ ಕಣಮ್ಮ' ಅಂತ ವಾಪಸ್ ಕಳಿಸ್ಬೇಕು." ಕೆಳಗಿನ ರಸ್ತೆಯ ಕಡೆ ನೋಡುತ್ತಾ ಅವರು ಸೇರಿಸುತ್ತಾರೆ: "ಹಲಗೆ ಮೇಲೆ ಇನ್ನೂ ಹದಿನೆಂಟು ಜನ ಇದಾರೆ."