ತಿಕ್ಕಿದ ಕಾಲು

ನಮ್ಮವ್ವ ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ದಿನವಿಡೀ ಒಂದು ಕಾಲು ಮಡಚಿ ಕೂರುವ ಆ ಹೆಂಗಸರಿಗೆ ಕಾಲು ಬಾತುಕೊಳ್ಳುವುದು ಹೊಸದಲ್ಲ. ಬಿಸಿ ಎಣ್ಣೆ ಹಚ್ಚಿ ತಿಕ್ಕಿದರೆ ಆಯಿತು. ಆದರೆ ಒಬ್ಬರಿಗೊಬ್ಬರು ತಿಕ್ಕುವಂತಿಲ್ಲ. ತೊಳೆದರೂ ಕೈಯಲ್ಲಿ ಖಾರ ಉಳಿದಿರುತ್ತದೆ, ಚರ್ಮ ಉರಿಯುತ್ತದೆ. ಮೆಣಸಿನಕಾಯಿ ಮುಟ್ಟದ ಕೈಯೇ ಬೇಕು.

ಗರ್ಭಕೋಶದ ಕ್ಯಾನ್ಸರ್ ಎಂದು ಗೊತ್ತಾಗಿ ಅವ್ವ ಕೆಲಸ ಬಿಟ್ಟು ಎರಡು ತಿಂಗಳಾಗಿತ್ತು. ಆಗ ಎಡಗಾಲು ಬಾತಿತು. ಕೆಲಸಕ್ಕೇ ಕೂರದವಳ ಕಾಲು ಯಾಕೆ ಬಾತಿತು ಎಂದು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಓಣಿಯವರ ಕೈಯೆಲ್ಲ ಖಾರ ಎಂದು ರಾಣೆಬೆನ್ನೂರಿನಿಂದ ನನ್ನನ್ನು ಕರೆಸಿಕೊಂಡಳು.

"ಗಂಡನ ಮನ್ಯಾಗ ಉಂಡಿದ್ದು ಕೈಯಾಗ ಕಾಣವಲ್ದು. ಜೋರ ತಿಕ್ಕ," ಎಂದು ಕೆಣಕಿದಳು. ಮೂರು ಸಂಜೆ ಜೋರಾಗಿಯೇ ತಿಕ್ಕಿದೆ.

ನಾಲ್ಕನೆಯ ದಿನ ಬೆಳಗ್ಗೆ ಅವಳಿಗೆ ಉಸಿರಾಡಲು ಆಗಲಿಲ್ಲ. ಹಾವೇರಿಯ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದರ ತುಂಡೊಂದು ಶ್ವಾಸಕೋಶಕ್ಕೆ ಹೋಗಿದೆ ಎಂದರು. ಜೀವಕ್ಕೆ ಅಪಾಯವಿದೆ ಎಂದರು. ರಕ್ತ ತೆಳುವಾಗಲು ಹೊಟ್ಟೆಗೆ ಇಂಜೆಕ್ಷನ್ ಕೊಟ್ಟರು. ನನಗೆ ತಲೆಬುಡ ತಿಳಿಯಲಿಲ್ಲ. ಹಿಂದಿನ ತಿಂಗಳಷ್ಟೇ ರಕ್ತ ಕಡಿಮೆ ಎಂದು ಬಾಟಲಿ ಏರಿಸಿದ್ದರು. ಇಲ್ಲದ ರಕ್ತ ಗಟ್ಟಿಯಾಗುವುದು ಹೇಗೆ? ಇದ್ದಷ್ಟನ್ನೂ ತೆಳು ಮಾಡಿದರೆ ಉಳಿಯುವುದಾದರೂ ಏನು? ಯಾರನ್ನು ಕೇಳಬೇಕೋ ಗೊತ್ತಾಗದೆ ಕಾಗದಗಳನ್ನು ತಿರುವಿ ತಿರುವಿ ನೋಡಿದೆ.

"ಕಾಲು ತಿಕ್ಕೀರೇನು?" ಡಾಕ್ಟರು ಕೇಳಿದರು. "ತಿಕ್ಕಿದ್ರ ಹೆಪ್ಪು ಕಳಚಿ ಮ್ಯಾಲ ಹೋಗ್ತದ."

ಅವ್ವ ಆಕ್ಸಿಜನ್ ಮಾಸ್ಕ್ ಸರಿಸಿದಳು. "ಇಲ್ಲರೀ. ಯಾರೂ ಮುಟ್ಟಿಲ್ಲ."

ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ನಾಚಿಕೆಗೆಟ್ಟವಳು ನಾನು, ಅಷ್ಟೇ.

ಮರುದಿನ ಡಾಕ್ಟರನ್ನು ಬಾಗಿಲಲ್ಲಿ ತಡೆದು ಎಲ್ಲ ಒಪ್ಪಿಕೊಂಡೆ. ಕ್ಯಾನ್ಸರ್ ಇದ್ದವರ ರಕ್ತ ತಾನಾಗಿಯೇ ಹೆಪ್ಪುಗಟ್ಟಬಹುದು, ತಿಕ್ಕದಿದ್ದರೂ ತುಂಡು ಹೋಗುತ್ತಿತ್ತೇನೋ, ತಿಕ್ಕಿದ್ದಕ್ಕೇ ಹೋಯಿತೇನೋ, ಹೇಳಲು ಬರುವುದಿಲ್ಲ ಎಂದರು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಈ ಉತ್ತರ ಇಟ್ಟುಕೊಂಡು ಏನು ಮಾಡಲಿ?

ಸಿಟ್ಟನ್ನೆಲ್ಲ ಅವ್ವನ ಮೇಲೆ ತೀರಿಸಿಕೊಂಡೆ. "ಡಾಕ್ಟರ ಮುಂದ ಯಾಕ ಸುಳ್ಳ ಹೇಳಿದಿ?"

"ನಿನ್ನ ಸಲುವಾಗಿ ಹೇಳಿದೆ," ಎಂದಳು. "ನಾ ಹೋದ್ರ, ನಾನ ಕೊಂದೆ ಅಂತ ಕುಂದರತಿ ನೀ."